ಬಲ್ಲವಳಿಗೆ ಬೋಧೆ

ಇಂಗ್ಲಿಷ್ ನುಡಿಗೆ ಈ ಶತಮಾನದಲ್ಲಿ ಬಂದು ಸೇರಿದ ಪದಗಳಲ್ಲಿ ‘ಮ್ಯಾನ್‌ಸ್ಪ್ಲೇನಿಂಗ್’ ಎಂಬುದೊಂದು. ಕಿವಿಗೆ ಒರಟಾದ ಪದ, ಹುಟ್ಟಿದ್ದು 2008ರಲ್ಲಿ, ಹತ್ತು ವರ್ಷ ತುಂಬುವಷ್ಟರಲ್ಲಿ ಅದು ಆ ಭಾಷೆಯ ಪ್ರಮಾಣಭೂತವಾದ ಕೋಶಗಳಲ್ಲೆಲ್ಲ ಸ್ಥಾನ ಸಂಪಾದಿಸಿಕೊಂಡಿತು. ಪರಭಾಷೆಯ ಒಂದು ಕುಚೋದ್ಯದ ಮಾತಿಗೆ ಅಗ್ರಲೇಖನದ ಸ್ಥಳವನ್ನು ಕೊಡುವುದು ಉಚಿತವೇ ಎಂದು ನಮ್ಮ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಉಚಿತವೆಂದೇ ನಮ್ಮ ಅಭಿಪ್ರಾಯ. ಆ ಮಾತು ಯಾವ ನಡತೆಯನ್ನು ಹೆಸರಿಸುವುದೋ ಆ ನಡತೆ ಅಮೆರಿಕಾ ದೇಶಕ್ಕೆ ಮೀಸಲಾದುದಲ್ಲ. ನಮ್ಮ ಕಚೇರಿಗಳಲ್ಲಿಯೂ ಸಭೆಗಳಲ್ಲಿಯೂ ಮನೆಯ ಪಡಸಾಲೆಗಳಲ್ಲಿಯೂ ಅದು ದಿನಬೆಳಗಾದರೆ ಕಾಣುವ ಸಂಗತಿ. ನಮಗಿರುವ ಕೊರತೆ ಅದಕ್ಕೊಂದು ಹೆಸರು ಮಾತ್ರ.

ಪದದ ಮೂಲಕಥೆ ಹೀಗಿದೆ. ರೆಬೆಕಾ ಸಾಲ್ನಿಟ್ ಎಂಬುವರು ಅಮೆರಿಕಾದ ಲೇಖಕಿ. ಓಡುವ ಕುದುರೆಯ ನಾಲ್ಕು ಕಾಲುಗಳೂ ಒಂದು ಕ್ಷಣ ನೆಲ ಬಿಟ್ಟಿರುವುವೆಂಬುದನ್ನು 1878ರಲ್ಲಿ ಛಾಯಾಚಿತ್ರಗಳ ಮೂಲಕ ತೋರಿಸಿಕೊಟ್ಟ ಎಡ್ವರ್ಡ್ ಮೈಬ್ರಿಜ್ ಎಂಬಾತನನ್ನು ಕುರಿತು ಅವರು ಬರೆದ ‘ರಿವರ್ ಆಫ್ ಶ್ಯಾಡೋಸ್’ ಎಂಬ ಗ್ರಂಥ 2003ರಲ್ಲಿ ಪ್ರಕಟವಾಯಿತು. ಅದೇ ಸುಮಾರಿನಲ್ಲಿ ಕೊಲರಾಡೋ ಪ್ರಾಂತದ ಆಸ್ಪೆನ್ ಊರಿನ ಬಳಿ ಒಂದು ಔತಣಕೂಟಕ್ಕೆ ಅವರು ಹೋಗಿದ್ದರು. ಆತಿಥೇಯನು ಸಿರಿವಂತ, ವಯಸ್ಸಿನಲ್ಲಿ ಹಿರಿಯ. ನೀವು ಏನೇನೋ ಪುಸ್ತಕ ಬರೆದಿರುವಿರಂತೆ ಎಂದು ಮಾತು ತೆಗೆದನು. ಆಕೆ ಮೈಬ್ರಿಜನ ಹೆಸರೆತ್ತಿದೊಡನೆ ಅವರ ಮಾತನ್ನು ಅಲ್ಲಿಗೇ ತಡೆದು, ಆ ವಿಷಯದಲ್ಲಿ ಈ ವರ್ಷ ಬಹು ಮುಖ್ಯವಾದ ಗ್ರಂಥವೊಂದು ಬಂದಿದೆ, ತಿಳಿದಿದೆಯೇ ಎಂದು ಕೇಳಿ, ಅದರ ಮಹತ್ತ್ವವನ್ನು ಬಣ್ಣಿಸಲು ಮೊದಲುಮಾಡಿದನು. ಜೊತೆಯಲ್ಲಿದ್ದ ಗೆಳತಿ, ಅದು ಇವರೇ ಬರೆದ ಪುಸ್ತಕ ಎಂದಳು. ಆತನಿಗೆ ಕೇಳಿಸಲಿಲ್ಲ. ಮೂರು ನಾಲ್ಕು ಸಲ ಹೇಳಿದ ಮೇಲೆ ಮಾತು ಕಿವಿಗಿಳಿದು ಮಹಾಶಯನ ಮುಖ ಬಿಳಿಚಿಕೊಂಡಿತು. ತಮಾಷೆಯ ತಿರುಳು ಇನ್ನೂ ಮುಂದಿದೆ: ಆತನು ಆ ಗ್ರಂಥವನ್ನು ಓದಿಯೇ ಇರಲಿಲ್ಲ, ಪತ್ರಿಕೆಯಲ್ಲಿ ಬಂದ ವಿಮರ್ಶೆಯನ್ನಷ್ಟೇ ಓದಿದ್ದನು.

ಐದು ವರ್ಷಗಳ ಅನಂತರ, 2008ರಲ್ಲಿ, ಆಕೆ ಈ ಪ್ರಸಂಗವನ್ನು ಒಂದು ಪ್ರಬಂಧದಲ್ಲಿ ಬರೆದರು. ಗಂಡಸರು ನನಗೆ ವಿಷಯಗಳನ್ನು ವಿವರಿಸುತ್ತಾರೆ ಎಂಬ ಅರ್ಥದ ತಲೆಬರೆಹ. ಪ್ರಬಂಧದಲ್ಲಿ ನಾವು ಹೇಳುತ್ತಿರುವ ಪದ ಎಲ್ಲಿಯೂ ಇಲ್ಲ. ಅದನ್ನು ಓದಿದವರ ವಲಯದಲ್ಲಿ, ಅದೇ ವರ್ಷ, ಹೆಸರಾಂತರಲ್ಲದ ಯಾರದೋ ಲೇಖನಿಯಿಂದ ಪದ ಹೊರಬಿದ್ದಿತು. ಗಂಡಸು ಎಂಬರ್ಥದ ‘ಮ್ಯಾನ್’, ವಿವರಿಸು ಎಂಬರ್ಥದ ‘ಎಕ್ಸ್‌ಪ್ಲೇನ್’, ಇವೆರಡನ್ನು ತಲೆ ಬಾಲ ಕತ್ತರಿಸಿ ಬೆಸೆದದ್ದು. 2010ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ವರ್ಷದ ಪದಗಳ ಪಟ್ಟಿಯಲ್ಲಿ ಎಣಿಸಿತು. ಆಸ್ಟ್ರೇಲಿಯಾದ ಮಕ್ವಾರಿ ಕೋಶದವರು 2014ರ ವರ್ಷದ ಪದವೆಂದು ಆರಿಸಿದರು. 2018ರಲ್ಲಿ ಆಕ್ಸ್‌ಫರ್ಡಿನ ಮಹಾಕೋಶವೂ ಅಮೆರಿಕಾದ ವೆಬ್‌ಸ್ಟರ್ ಕೋಶವೂ ಅದಕ್ಕೆ ಮಣೆ ಹಾಕಿದವು. ಹೀಗೆ ಎರಡು ಪದಗಳನ್ನು ಅಮುಕಿ ಒಂದಾಗಿಸಿದ ಮಾತಿಗೆ, ಎರಡು ಮಡಿಕೆಯಾಗಿ ತೆರೆಯುವ ಪ್ರಯಾಣದ ಪೆಟ್ಟಿಗೆಯ ಹೆಸರನ್ನು ಲೂಯಿಸ್ ಕ್ಯಾರಲ್ ಎಂಬ ಗ್ರಂಥಕರ್ತನು 1871ರಲ್ಲಿಯೇ ಇಟ್ಟಿದ್ದನು. ಅವನ ಕಥೆಯಲ್ಲಿ ಹಂಪ್ಟಿ ಡಂಪ್ಟಿ ಎಂಬ ಮಾತಾಡುವ ಮೊಟ್ಟೆಯೊಂದು ಗೋಡೆಯ ಮೇಲೆ ಕುಳಿತು ಆಲಿಸ್ ಎಂಬ ಹುಡುಗಿಗೆ ಇಂಥ ಪದಗಳ ಅರ್ಥವನ್ನು ಗತ್ತಿನಿಂದ ಬೋಧಿಸುತ್ತದೆ. ಆದರೂ ಆ ಮೊಟ್ಟೆಯ ಮೇಲೆ ನಾವು ಈ ದೋಷವನ್ನು ಹೊರಿಸಲಾರೆವು. ಆಲಿಸಳು ತಿಳಿಯದೆ ಕೇಳಿದ್ದಳು; ಅದು ಉತ್ತರಿಸಿತು.

ಈ ಭೇದವನ್ನು ಚೆನ್ನಾಗಿ ಗಮನಿಸತಕ್ಕದ್ದು. ಗಂಡಸು ಹೆಂಗಸಿಗೆ ಏನನ್ನಾದರೂ ವಿವರಿಸಿದರೆ ಅದೇ ತಪ್ಪೆಂದು ಯಾರೂ ಹೇಳಿಲ್ಲ. ಬಲ್ಲವನು ತಿಳಿಯದವಳಿಗೆ ಹೇಳಿಕೊಡುವುದು ವಿದ್ಯಾದಾನವೇ ಸರಿ. ಆಡುವವನು ಎದುರಿನವಳು ಏನು ಬಲ್ಲಳೆಂದು ವಿಚಾರಿಸುವ ಗೋಜಿಗೆ ಹೋಗದೆ, ಅವಳು ಹೆಣ್ಣೆಂಬ ಒಂದೇ ಆಧಾರದ ಮೇಲೆ ಅವಳಿಗೆ ತಿಳಿದಿರಲಾರದೆಂದು ನಿಶ್ಚಯಿಸಿಕೊಂಡು, ಮೇಲಿನ ಮೆಟ್ಟಲಿನಿಂದ ಕೆಳಕ್ಕೆ ಮಾತು ಸುರಿಯುವುದುಂಟಲ್ಲ, ಅದಕ್ಕೆ ಈ ಹೆಸರು. ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಗಾದೆ ನಮ್ಮಲ್ಲುಂಟು. ಆದರೆ ಆ ಗಾದೆಯಲ್ಲಿ ಮಗುವಿನ ಮುಗ್ಧತೆಯ ನಗೆಯಿದೆ, ಇಲ್ಲಿ ಅದಿಲ್ಲ.

ಈ ನಡತೆಗೆ ಇಂಗ್ಲಿಷರಲ್ಲಿ ಹಿಂದಿನಿಂದಲೂ ಎರಡು ಮಾತುಗಳಿದ್ದವು, ಅವುಗಳ ಚರಿತ್ರೆ ಸ್ವಾರಸ್ಯವಾಗಿದೆ. ‘ಪೇಟ್ರನೈಸ್’ ಎಂಬುದರ ಬೇರು ಲ್ಯಾಟಿನಿನಲ್ಲಿ ತಂದೆಯನ್ನು ಸೂಚಿಸುವ ‘ಪೇಟರ್’. ರೋಮ್ ನಗರದ ಸಿರಿವಂತನು ತನ್ನನ್ನು ನೆಚ್ಚಿದ ಬಡವನಿಗೂ ಬಿಡುಗಡೆ ಹೊಂದಿದ ಗುಲಾಮನಿಗೂ ‘ಪೇಟ್ರೋನಸ್’, ಅಂದರೆ ತಂದೆಯಂತಿರುವ ಪೋಷಕ. ಮೊದಲಲ್ಲಿ ಗೌರವದ ಮಾತೇ. ಪೋಷಿತನಾದವನು ಮುಂಜಾನೆ ಎದ್ದು ಪೋಷಕನ ಹೆಬ್ಬಾಗಿಲಲ್ಲಿ ನಿಂತು ವಂದಿಸಬೇಕಾಗಿತ್ತೆಂಬುದನ್ನು ನೆನೆದರೆ ಗೌರವ ಯಾರ ಪಾಲಿಗೆ ಬರುತ್ತಿತ್ತೆಂಬುದು ತಿಳಿಯುವುದು. ಸಾಮ್ಯುಯೆಲ್ ಜಾನ್ಸನ್ ತನ್ನ ಇಂಗ್ಲಿಷ್ ಕೋಶವನ್ನು 1755ರಲ್ಲಿ ಮುಗಿಸಿದಾಗ, ಏಳು ವರ್ಷ ಬಾಗಿಲಲ್ಲಿ ಕಾಯಿಸಿ, ಕೆಲಸವೆಲ್ಲ ಮುಗಿದ ಮೇಲೆ ಹೊಗಳಿಕೆಯ ನೆರವು ತಂದ ಚೆಸ್ಟರ್‌ಫೀಲ್ಡ್ ಪ್ರಭುವಿಗೆ ಬರೆದ ಪತ್ರ ಪ್ರಸಿದ್ಧವಾಗಿದೆ; ಪೋಷಕನೆಂಬ ಪದಕ್ಕೆ ಆ ಕೋಶದಲ್ಲಿ ಅವನು ಕೊಟ್ಟ ಅರ್ಥವೂ ಅಷ್ಟೇ ಖಾರವಾದದ್ದು. ಇನ್ನೊಂದು ಮಾತು ‘ಕಂಡಿಸೆನ್ಷನ್’, ಕೆಳಕ್ಕಿಳಿದು ಬರುವುದು. 1813ರ ಜೇನ್ ಆಸ್ಟಿನ್ನರ ಕಾದಂಬರಿಯಲ್ಲಿ ಪಾದ್ರಿ ಕಾಲಿನ್ಸನು ತನ್ನ ಒಡತಿಯ ಈ ಗುಣವನ್ನು ನಾಲಿಗೆ ಬತ್ತುವಂತೆ ಹೊಗಳುತ್ತಾನೆ. ಅವನಿಗೆ ಅದು ಸದ್ಗುಣ, ಲೇಖಕಿಗೆ ಆಗಲೇ ನಗೆ. ಇಳಿದು ಬಂದವರನ್ನು ಕಂಡು ಕೈಮುಗಿಯುತ್ತಿದ್ದ ಜನ, ಇವರು ಏರಿದ್ದು ಯಾವಾಗ ಎಂದು ಕೇಳತೊಡಗಿದಾಗ ಎರಡು ಪದಗಳೂ ನಿಂದೆಯ ಪದಗಳಾದವು.

ನಮ್ಮ ದೇಶದವರಿಗೆ ಈ ರುಚಿಯ ಪರಿಚಯ ಚೆನ್ನಾಗಿಯೇ ಉಂಟು. ಜೇಮ್ಸ್ ಮಿಲ್ ಎಂಬ ಪಂಡಿತನು ಬ್ರಿಟಿಷ್ ಇಂಡಿಯದ ಚರಿತ್ರೆಯನ್ನು 1817ರಲ್ಲಿ ಪ್ರಕಟಿಸಿದನು. ಅವನು ಈ ನೆಲವನ್ನು ತುಳಿದವನಲ್ಲ. ಇಲ್ಲಿಯ ಒಂದು ಭಾಷೆಯನ್ನೂ ಅರಿತವನಲ್ಲ. ಈ ಎರಡು ಕೊರತೆಗಳೂ ನಿಷ್ಪಕ್ಷಪಾತಕ್ಕೆ ಅನುಕೂಲವೇ ಎಂದು ಪೀಠಿಕೆಯಲ್ಲಿ ವಾದಿಸಿದನು! ಆ ಗ್ರಂಥವೇ ಹೇಲಿಬರಿಯ ಕಾಲೇಜಿನಲ್ಲಿ, ಕಂಪೆನಿಯ ಅಧಿಕಾರಿಗಳಾಗಿ ಇಲ್ಲಿಗೆ ಹೊರಟ ಹುಡುಗರಿಗೆ ಪಾಠವಾಯಿತು. ವಿಮರ್ಶೆಯನ್ನೋದಿ ಗ್ರಂಥಕರ್ತೆಗೆ ಗ್ರಂಥವನ್ನು ಬೋಧಿಸಿದ ಆಸ್ಪೆನ್ನಿನ ಮಹಾಶಯನೂ ಈ ಮಿಲ್ ಮಹಾಶಯನೂ ಒಂದೇ ಗೋತ್ರದವರು. 1919ರ ಶಾಸನದ ಪೀಠಿಕೆ, ಭಾರತೀಯರ ಸ್ವಯಮಾಡಳಿತದ ಪ್ರತಿಯೊಂದು ಹೆಜ್ಜೆಯ ಕಾಲವನ್ನೂ ರೀತಿಯನ್ನೂ ಲಂಡನ್ನಿನ ಪಾರ್ಲಿಮೆಂಟೇ ಗೊತ್ತುಮಾಡತಕ್ಕದ್ದೆಂದಿತು. ಆ ಹೆಜ್ಜೆಗಳನ್ನು ಅಳೆಯಲು 1927ರಲ್ಲಿ ನೇಮಕವಾದ ಸೈಮನ್ ಆಯೋಗದ ಏಳು ಜನರಲ್ಲಿ ಭಾರತೀಯನು ಒಬ್ಬನಾದರೂ ಇರಲಿಲ್ಲ. 1928ರಲ್ಲಿ ಊರೂರಲ್ಲಿ ಕಪ್ಪು ಬಾವುಟ ಏಕೆ ಎದ್ದವು? ಆಯೋಗದವರು ಕೆಟ್ಟ ಮನುಷ್ಯರೆಂದಲ್ಲ. ನಮ್ಮ ಸಂಗತಿಯನ್ನು ನಮಗೇ ವಿವರಿಸಲು ಬಂದರೆಂದು.

ಇಷ್ಟನ್ನು ಬಲ್ಲ ನಾವು, ಹೆಂಗಸರು ಇದೇ ದೂರನ್ನು ತಂದಾಗ ನಗುತ್ತೇವೆ. ಅತಿ ಚಿಕ್ಕ ವಿಷಯ, ಮಾತಿನ ಧಾಟಿಯ ಪ್ರಶ್ನೆ, ಸ್ವಲ್ಪ ಸಹಿಸಿಕೊಂಡರಾಯಿತು ಎನ್ನುತ್ತೇವೆ. ಧಾಟಿಯಷ್ಟೇ ಆಗಿದ್ದರೆ ನಾವೂ ಈ ಅಂಕಣವನ್ನು ಬೇರೆ ವಿಷಯಕ್ಕೆ ಬಿಡುತ್ತಿದ್ದೆವು. ಸಾಲ್ನಿಟ್ ತಮ್ಮ ಪ್ರಬಂಧದಲ್ಲಿ ಹೇಳಿರುವ ಒಂದು ಅಂಶವನ್ನು ಎಲ್ಲರೂ ನಗುವಿನ ಭರದಲ್ಲಿ ದಾಟಿಹೋಗುತ್ತಾರೆ. ಆ ಸಿರಿವಂತನು ಅಷ್ಟು ದೃಢವಾಗಿ ಮಾತಾಡುತ್ತಿದ್ದುದನ್ನು ಕಂಡು, ಅದೇ ವಿಷಯದ ಮೇಲೆ ಅದೇ ವರ್ಷ ಇನ್ನೊಂದು ಗ್ರಂಥವೂ ಬಂದು ತನ್ನ ಕಣ್ಣಿಗೆ ಬೀಳದೆ ಹೋಗಿರಬಹುದೆಂದು ಅವರು ಒಂದು ಕ್ಷಣ ನಂಬಲು ಸಿದ್ಧರಾಗಿದ್ದರಂತೆ! ಅಷ್ಟು ಹೊತ್ತಿಗೆ ಹಲವು ಗ್ರಂಥಗಳನ್ನು ಬರೆದು ಮುಗಿಸಿದ್ದವರು, ತಾವೇ ಬರೆದ ಪುಸ್ತಕದ ಮುಂದೆ ತಾವೇ ಸಂಶಯಪಟ್ಟರು. ವ್ಯಾಧಿಯ ಮರ್ಮ ಇರುವುದು ಇಲ್ಲಿ. ಬೋಧಿಸುವವನ ಗರ್ವದಿಂದ ಕೇಳುವವಳ ಮನಸ್ಸು ನೊಂದರೆ ಆ ನೋವು ಸಂಜೆಗೆ ಆರೀತು. ತಾನು ಬಲ್ಲದ್ದನ್ನು ತಾನು ಬಲ್ಲೆನೆಂಬ ಭರವಸೆಯೇ ಸವೆದರೆ, ಅವಳು ಮುಂದಿನ ಸಭೆಯಲ್ಲಿ ಬಾಯಿ ತೆರೆಯಳು. ಅವಳ ತಿಳಿವಳಿಕೆ ಅವಳಿಗೂ ನಷ್ಟ, ಸಭೆಗೂ ನಷ್ಟ. ಒಂದು ಜನಾಂಗವೇ ತನ್ನ ವೈದ್ಯ, ತನ್ನ ನೇಯ್ಗೆ, ತನ್ನ ನುಡಿ ಯಾವುದೂ ಲೆಕ್ಕಕ್ಕೆ ಬಾರದೆಂದು ನಂಬುವಂತೆ ಆಗಿದ್ದು ಹೇಗೆಂಬುದನ್ನು ನಮ್ಮ ಹಿರಿಯರು ಕಂಡಿದ್ದಾರೆ.

ಪ್ರಾಚೀನರಲ್ಲಿ ಇಂಥ ಸನ್ನಿವೇಶವಿರಲಿಲ್ಲವೇ? ಬೃಹದಾರಣ್ಯಕೋಪನಿಷತ್ತನ್ನು ತೆರೆದು ನೋಡಬಹುದು. ಜನಕನ ಸಭೆಯಲ್ಲಿ ಗಾರ್ಗಿ ವಾಚಕ್ನವಿ ಯಾಜ್ಞವಲ್ಕ್ಯನನ್ನು, ಇದು ಯಾವುದರಲ್ಲಿ ಹಾಸುಹೊಕ್ಕಾಗಿದೆ, ಅದು ಯಾವುದರಲ್ಲಿ ಎಂದು ಮೆಟ್ಟಲು ಮೆಟ್ಟಲಾಗಿ ಕೇಳುತ್ತ ಹೋದಳು. ಅತಿಯಾಗಿ ಕೇಳಬೇಡ, ತಲೆ ಉರುಳೀತೆಂದು ಮಹರ್ಷಿ ಎಚ್ಚರಿಸಿದನು. ಗಾರ್ಗಿ ಸುಮ್ಮನಾದಳು. ಪಾಠಶಾಲೆಯಲ್ಲಿ ಕಥೆಯನ್ನು ಇಲ್ಲಿಗೆ ನಿಲ್ಲಿಸುವ ಉಪಾಧ್ಯಾಯರನ್ನು ನಾವು ಕಂಡಿದ್ದೇವೆ. ಉಪನಿಷತ್ತು ನಿಲ್ಲಿಸುವುದಿಲ್ಲ. ಉದ್ದಾಲಕನ ಸರದಿ ಮುಗಿದೊಡನೆ ಅವಳು ಮತ್ತೆ ಎದ್ದಳು. ವೀರನು ಬಿಲ್ಲಿಗೆ ಎರಡು ಬಾಣ ಹೂಡಿ ಬಂದಂತೆ ಎರಡು ಪ್ರಶ್ನೆಗಳೊಡನೆ ಬಂದಿರುವೆನೆಂದಳು. ಈ ಬಾರಿ ಯಾಜ್ಞವಲ್ಕ್ಯನು ತಲೆಯ ಮಾತೆತ್ತದೆ, ಅಕ್ಷರತತ್ತ್ವವನ್ನು ಪೂರ್ಣವಾಗಿ ಹೇಳಿದನು. ಆಮೇಲೆ ನೆರೆದಿದ್ದ ಬ್ರಾಹ್ಮಣರಿಗೆ, ಇವನನ್ನು ನಿಮ್ಮಲ್ಲಾರೂ ಗೆಲ್ಲಲಾರಿರಿ, ನಮಸ್ಕರಿಸಿ ಬಿಡುಗಡೆ ಪಡೆಯಿರಿ ಎಂದು ತೀರ್ಪು ಕೊಟ್ಟವಳೂ ಅವಳೇ. ಆ ಪರಂಪರೆಯ ಹೆಸರನ್ನು ಸಭೆಗಳಲ್ಲಿ ಉಚ್ಚರಿಸುವ ನಾವು ಗಾರ್ಗಿಯ ಮೊದಲನೆಯ ಮೌನವನ್ನು ಉಳಿಸಿಕೊಂಡು ಎರಡನೆಯ ಪ್ರಶ್ನೆಯನ್ನು ಕೈಬಿಟ್ಟಿದ್ದೇವೆ.

ಬೆಂಗಳೂರಿನಲ್ಲಿಯೇ ನಡೆದ ಒಂದು ಸಂಗತಿಯನ್ನು ಇಲ್ಲಿ ಸ್ಮರಿಸಬೇಕು. ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು, ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದು 1933ರಲ್ಲಿ ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹೆಣ್ಣೆಂಬ ಕಾರಣದಿಂದ ಅರ್ಜಿ ತಿರಸ್ಕೃತವಾಯಿತು. ಆಕೆ ಸತ್ಯಾಗ್ರಹದ ಮಾರ್ಗ ಹಿಡಿದು ಪಟ್ಟುಬಿಡದೆ ನಿಂತರು. ಕಡೆಗೆ ಪ್ರವೇಶ ದೊರೆಯಿತು, ಆದರೆ ಷರತ್ತುಗಳ ಮೇಲೆ: ಒಂದು ವರ್ಷ ಪರೀಕ್ಷಾರ್ಥವಾಗಿರಬೇಕು, ಕೆಲಸ ನಿರ್ದೇಶಕರಿಗೆ ತೃಪ್ತಿಯಾದರೆ ಮಾತ್ರ ಅದಕ್ಕೆ ಮನ್ನಣೆ, ಗಂಡು ಸಂಶೋಧಕರ ಚಿತ್ತಚಾಂಚಲ್ಯಕ್ಕೆ ಕಾರಣವಾಗಕೂಡದು. ವರ್ಷ ಕಳೆಯಿತು, ಕೆಲಸ ತೃಪ್ತಿಕರವಾಗಿತ್ತು, ಆಮೇಲೆ ಹೆಂಗಸರಿಗೆ ಆ ಬಾಗಿಲು ತೆರೆಯಿತು. 1939ರಲ್ಲಿ ಆಕೆ ಕೇಂಬ್ರಿಜಿನಿಂದ ಡಾಕ್ಟರ್ ಪದವಿ ಪಡೆದರು. ರಾಮನ್ನರ ಕೀರ್ತಿಗೆ ಇದರಿಂದ ಕುಂದುಂಟಾಗುವುದೆಂದು ನಾವು ಹೇಳುವುದಿಲ್ಲ. ಬೆಳಕಿನ ರಹಸ್ಯವನ್ನು ಕಂಡ ಕಣ್ಣಿಗೂ ಎದುರು ನಿಂತ ವಿದ್ಯಾರ್ಥಿನಿಯ ಅಂಕಪಟ್ಟಿ ಕಾಣಲಿಲ್ಲವೆಂಬುದನ್ನು ಮಾತ್ರ ಗುರುತಿಸುತ್ತೇವೆ. ಇದು ಬರಿಯ ವಿವರಣೆಯಲ್ಲ, ನಿರಾಕರಣೆ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಬೇರು ಮಾತ್ರ ಒಂದೇ. ಔತಣಕೂಟದಲ್ಲಿ ಅದು ಮಾತಾಗಿ ಚಿಗುರುವುದು, ಕಚೇರಿಯಲ್ಲಿ ಷರತ್ತಾಗಿ, ನ್ಯಾಯಾಸ್ಥಾನದಲ್ಲಿ ಶಾಸನವಾಗಿ. 1872ರ ಸಾಕ್ಷ್ಯಶಾಸನದ 155ನೆಯ ಪ್ರಕರಣದಂತೆ, ಮಾನಭಂಗಕ್ಕೊಳಗಾದ ಹೆಣ್ಣಿನ ಸಾಕ್ಷ್ಯವನ್ನು ಅಪನಂಬಿಕೆಗೆ ಗುರಿಮಾಡಲು ಅವಳ ನಡತೆ ಸಾಮಾನ್ಯವಾಗಿ ಕೆಟ್ಟದ್ದೆಂದು ತೋರಿಸಲು ಆರೋಪಿಗೆ ಅವಕಾಶವಿದ್ದಿತು. ಅವಳ ಮೈಮೇಲೆ ನಡೆದುದನ್ನು ಅವಳಿಗಿಂತ ಇತರರು ಚೆನ್ನಾಗಿ ಬಲ್ಲರೆಂಬುದೇ ಅದರ ಆಶಯ. ಆ ಉಪಪ್ರಕರಣವನ್ನು ಕಿತ್ತುಹಾಕಿದ್ದು 2002ರ ತಿದ್ದುಪಡಿ, ನೂರಮೂವತ್ತು ವರ್ಷ!

ಪದದ ವಿರುದ್ಧ ಆಕ್ಷೇಪಗಳಿಲ್ಲದೆ ಇಲ್ಲ. 2016ರಲ್ಲಿ ಆಸ್ಟ್ರೇಲಿಯಾದ ಸೆನೆಟಿನ ಸಮಿತಿಯೊಂದರಲ್ಲಿ ಸದಸ್ಯೆಯೊಬ್ಬರು ಮಂತ್ರಿಯ ಮೇಲೆ ಈ ಮಾತನ್ನು ಎಸೆದಾಗ, ಹೆಂಗಸಿನ ವಿವರಣೆಗೆ ನಾನು ಹಾಗೆಯೇ ಹೆಸರಿಟ್ಟಿದ್ದರೆ ಏನಾಗುತ್ತಿತ್ತೆಂದು ಮಂತ್ರಿ ಸಿಡುಕಿದನು. ಸಾಲ್ನಿಟ್ ಅವರಿಗೇ ಈ ಪದದಲ್ಲಿ ಪೂರ್ಣ ಸಮಾಧಾನವಿರಲಿಲ್ಲ. ಗಂಡುಕುಲಕ್ಕೆಲ್ಲ ಹುಟ್ಟಿನಿಂದಲೇ ಬಂದ ದೋಷವೆಂಬ ಭಾವನೆ ಅದರಲ್ಲಿ ಇಣುಕುವುದೆಂದು ಅವರು ಹಿಂಜರಿದುದುಂಟು. ಹಿಂಜರಿಕೆ ಅವರ ನ್ಯಾಯಬುದ್ಧಿಗೆ ಭೂಷಣ. ಎದುರಾಡಲು ಬಂದ ಪ್ರತಿಯೊಬ್ಬ ಗಂಡಸಿನ ಬಾಯಿಗೆ ಬಡಿಯುವ ದೊಣ್ಣೆಯಾಗಿ ಈ ಪದವನ್ನು ಬಳಸುವವರೂ ಇದ್ದಾರೆ, ಅದು ವಾದವಲ್ಲ. ಆದರೆ ದುರುಪಯೋಗವಾಯಿತೆಂಬ ಕಾರಣಕ್ಕೆ ಹೆಸರನ್ನೇ ಅಳಿಸಬೇಕೆಂಬುದನ್ನು ನಾವು ಒಪ್ಪುವುದಿಲ್ಲ. ಹೆಸರಿಲ್ಲದ ಕಿರುಕುಳವನ್ನು ಅನುಭವಿಸಿದವಳು ಅದು ತನ್ನದೇ ಅತಿಸೂಕ್ಷ್ಮತೆ ಎಂದುಕೊಂಡು ಒಳಗೊಳಗೇ ಕೊರಗುತ್ತಾಳೆ. ಹೆಸರು ಬಂದಾಗ ನೂರು ಜನ ತಮ್ಮ ತಮ್ಮ ಅನುಭವವನ್ನು ಒಂದೇ ಮಾತಿನಲ್ಲಿ ಗುರುತಿಸುತ್ತಾರೆ. ಸ್ವೀಡನ್ನಿನಲ್ಲಿ ಯೂನಿಯೋನೆನ್ ಎಂಬ ನೌಕರರ ಸಂಘವು 2016ರ ನವೆಂಬರಿನಲ್ಲಿ ಒಂದು ವಾರ, ಇಂಥ ದೂರುಗಳನ್ನು ಕೇಳಿ ಸಲಹೆ ಕೊಡಲು ದೂರವಾಣಿಯ ಬಳಿ ಜನರನ್ನೇ ಕುಳ್ಳಿರಿಸಿತ್ತು. ಹೆಸರಿಲ್ಲದೆ ಇದ್ದಿದ್ದರೆ ಯಾವ ವಿಷಯಕ್ಕೆಂದು ಕುಳ್ಳಿರಿಸುತ್ತಿದ್ದರು?

ಕನ್ನಡದಲ್ಲಿ ಏನೆನ್ನೋಣ? ‘ಪುರುಷೋಪದೇಶ’ ಎಂದರೆ ಪುರಾಣದ ಅಧ್ಯಾಯದಂತೆ ಕೇಳಿಸುತ್ತದೆ. ‘ದೊಡ್ಡಸ್ತಿಕೆ’ ಎಂಬುದರಲ್ಲಿ ಗರ್ವವಿದೆ, ಬೋಧೆಯಿಲ್ಲ. ‘ಗಂಡುಬೋಧೆ’ ಎಂದರೆ ನಾಲಿಗೆಗೂ ಹತ್ತುವುದು, ಅರ್ಥವೂ ಕೂಡುವುದು. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಗಂಟುಹಾಕಿದ ಅರಿಸಮಾಸವಿದೆಂದು ನಮಗೆ ಕೇಶಿರಾಜನನ್ನು ವಿವರಿಸಲು ಪಂಡಿತ ಮಹಾಶಯರು ದಯಮಾಡಿಸುವರು, ದಯಮಾಡಿಸಲಿ.

ಪದ ಯಾವುದೇ ಇರಲಿ, ಕೆಲಸ ಬಾಕಿಯಿರುವುದು ಗ್ರಾಮಗಳಲ್ಲಿ. ಕರ್ನಾಟಕವು 1983ರ ಶಾಸನದಿಂದ ಪಂಚಾಯಿತಿಗಳಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನಗಳನ್ನು ಕಾದಿರಿಸಿತು. 1987ರಲ್ಲಿ ಆ ಚುನಾವಣೆಗಳು ನಡೆದವು. ಇಡೀ ದೇಶಕ್ಕೆ ಮೂರನೆಯ ಒಂದು ಪಾಲನ್ನು ವಿಧಿಸಿದ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೆ ಏರಿಸಿತು. ಇಷ್ಟು ದೂರ ನಡೆದ ನಾಡಿನಲ್ಲಿ, ಅಧ್ಯಕ್ಷೆಯನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಕಾಮಗಾರಿಯ ವಿವರವನ್ನು ಪಕ್ಕದಲ್ಲಿ ನಿಂತ ಅವಳ ಗಂಡನಿಗೆ ಹೇಳುವ ಅಧಿಕಾರಿಗಳನ್ನು ಕಾಣದ ತಾಲ್ಲೂಕು ಯಾವುದಿದೆ? ಅವಳ ಕಡೆ ತಿರುಗಿದಾಗಲೂ ದನಿ ಬದಲಾಗುತ್ತದೆ, ಶಿಶುವಿಹಾರದ ದನಿ. ನೀರು ಹೊರುವವಳಿಗೆ ಬೋರು ಬತ್ತಿದ ತಿಂಗಳು ಗೊತ್ತು. ಮುಂದಿನ ಬೆಳೆಗೆ ರಾಗಿಯ ತೆನೆಯನ್ನು ಆರಿಸಿ, ಬೂದಿ ಬೇವಿನಸೊಪ್ಪು ಬೆರೆಸಿ ಮಡಕೆಯಲ್ಲಿ ಬೀಜ ಕಾಪಾಡಿದವಳಿಗೆ ಯಾವ ಕಾಳು ಮೊಳೆಯುವುದೆಂಬುದು ಗೊತ್ತು. ಅವಳ ಮುಂದೆ ನಕ್ಷೆ ಬಿಡಿಸಿ ನೀರಿನ ಮಹತ್ತ್ವವನ್ನೂ ಬೀಜದ ಮಹತ್ತ್ವವನ್ನೂ ಅರ್ಧ ಗಂಟೆ ಬೋಧಿಸಿ, ಕೊನೆಗೆ ಹೆಬ್ಬೆಟ್ಟನ್ನೋ ರುಜುವನ್ನೋ ಪಡೆದು ಮೋಟಾರು ಹತ್ತುವ ಅಧಿಕಾರಿ ತನ್ನ ಕರ್ತವ್ಯ ಪೂರೈಸಿತೆಂದೇ ತಿಳಿಯುತ್ತಾನೆ. ಕೊಳವೆಬಾವಿಯನ್ನು ಅವನ ನಕ್ಷೆಯಂತೆ ಕೊರೆದು, ನೀರು ಬಾರದೆ, ಮತ್ತೊಂದನ್ನು ಕೊರೆದ ಲೆಕ್ಕ ಪಂಚಾಯಿತಿಯ ಪುಸ್ತಕದಲ್ಲಿ ಹತ್ತುತ್ತದೆ.

ಈ ಪತ್ರಿಕೆಯನ್ನು ಓದುವ ಅಧಿಕಾರಿಗಳು ಅನೇಕರಿದ್ದಾರೆ. ಅವರಲ್ಲಿ ನಮ್ಮ ಬಿನ್ನಹ ಎರಡೇ. ಅಧ್ಯಕ್ಷೆಯ ಗಂಡನಿಗೆ ಸಭೆಯಲ್ಲಿ ಕುರ್ಚಿ ಹಾಕಿಸಬಾರದು. ಅವನು ಹೊರಗೆ ಜಗಲಿಯ ಮೇಲೆ ಕುಳಿತು ಪತ್ರಿಕೆ ಓದಲಿ, ನಮಗೂ ಸಂತೋಷ. ಇನ್ನೊಂದು, ಕೆರೆಯ ವಿಷಯವಾಗಲಿ ಶಾಲೆಯ ವಿಷಯವಾಗಲಿ, ನಕ್ಷೆಯನ್ನು ಬಿಡಿಸುವ ಮುಂಚೆ ಸದಸ್ಯೆಯರು ಹೇಳುವುದನ್ನು ಕೇಳಿ, ಯಾರು ಏನು ಹೇಳಿದರೆಂಬುದನ್ನು ಅವರವರ ಹೆಸರಿನಲ್ಲಿಯೇ ನಡವಳಿಯ ಪುಸ್ತಕದಲ್ಲಿ ಬರೆಯಿಸಬೇಕು.